ನೀಲಜೇಡದ ಪ್ರಾಯಪರೀಕ್ಷೆ

ಬಳ್ಳಾರಿಯಿಂದ ಮೂಡಲಿಗೆ ಗುಂತಕಲ್ಲನ್ನು ದಾಟಿ ಪ್ರಯಾಣ ಮಾಡುವವರಿಗೆ ಪರಿಚಿತವಾದ ಗುತ್ತಿ ಎಂಬ ರೈಲು ಜಂಕ್ಷನ್ನಿನ ಹೆಸರು, ಜರ್ಮನಿ, ಇಂಗ್ಲೆಂಡ್, ಅಮೆರಿಕಗಳ ಜೇಡ ಸಾಕುವವರ ಮಾತಿನಲ್ಲಿ ಇಂದಿಗೂ ನೆಲೆನಿಂತಿರುವುದಕ್ಕೆ ಅಲ್ಲಿನ ಮರದ ಡಿಪೊದಲ್ಲಿ ದೊರೆತ ಒಂದೇ ಒಂದು ಜೇಡ ಕಾರಣ. ಆ ಒಂದು ಮಾದರಿಯನ್ನು ಆಧರಿಸಿ 1899ರಲ್ಲಿ ಪೋಕಾಕ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞರು ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ತರುವಾಯ ಒಂದು ಶತಮಾನದಷ್ಟು ಕಾಲ ವಿದ್ವಾಂಸರ ಕಣ್ಣಿಗೆ ಬೀಳದಿದ್ದ ಆ ಜೀವಿ 2001ರಲ್ಲಿ ನಂದ್ಯಾಲ-ಗಿದ್ದಲೂರುಗಳ ನಡುವಣ ಕಾಡಿನಲ್ಲಿ, ಹಳೆಯ ಮರಗಳ ಪೊಟರೆಗಳಲ್ಲಿ, ಮತ್ತೆ ಗೋಚರಿಸಿತು. ಮೈಯೆಲ್ಲ ಇಂದ್ರನೀಲದ ಕಾಂತಿ, ಕಾಲ್ಗಂಟುಗಳಲ್ಲಿ ಹಳದಿ: ಇಂಥ ರೂಪವೇ ಅದಕ್ಕೆ ಕಂಟಕವೂ ಆಯಿತು. 2008ರಲ್ಲಿ ತೀವ್ರ ಅಪಾಯಕ್ಕೊಳಗಾದ ಜೀವಿಗಳ ಕೆಂಪುಪಟ್ಟಿಗೆ ಸೇರಿದ ಇದರ ಕುಲಕ್ಕೇ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ 2019ರ ಸಮ್ಮೇಳನವು ವಾಣಿಜ್ಯದ ನಿರ್ಬಂಧವನ್ನು ವಿಧಿಸಿತು. ಕಾಡಿನಿಂದ ಒಂದನ್ನೂ ಕದಿಯದೆ, ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿದವುಗಳಿಂದಲೇ ಸಂತತಿಯನ್ನು ಮುಂದುವರಿಸುವ ವಿದ್ಯೆಗೆ ಅದರಿಂದ ದೊಡ್ಡ ಬೆಲೆ ಬಂದಿದೆ. ಆ ವಿದ್ಯೆಯ ಮೊದಲ ಪಾಠವೇ ಪ್ರಾಯಪರೀಕ್ಷೆ.

ಜೇಡದ ಪ್ರಾಯವನ್ನು ವರ್ಷಗಳಿಂದಾಗಲಿ ಗಾತ್ರದಿಂದಾಗಲಿ ಅಳೆಯಲಾಗದು. ಬೆಚ್ಚನೆಯ ಕೋಣೆಯಲ್ಲಿ ಹೊಟ್ಟೆತುಂಬ ಮಿಡತೆ ತಿಂದದ್ದು ಬೇಗ ಬೇಗ ಪೊರೆ ಬಿಟ್ಟು ಬೆಳೆಯುತ್ತದೆ. ತಣ್ಣನೆಯ ಮೂಲೆಯಲ್ಲಿ ಮಿತಾಹಾರದಿಂದಿದ್ದ ಅದರ ಒಡಹುಟ್ಟು ಬಹುಕಾಲ ಮರಿಯಾಗಿಯೇ ಉಳಿಯುತ್ತದೆ. ಗಂಡಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಕಡೆಯ ಪೊರೆಯನ್ನು ಕಳಚಿ ಹೊರಬಂದ ಗಂಡಿನ ಕಾಲುಗಳು ನೀಳವಾಗಿ, ಉದರವು ಸಣ್ಣಗಾಗಿ, ಬಾಯಿಯ ಇಕ್ಕೆಲದ ಕಿರುಗಾಲುಗಳ ತುದಿ ಮುಷ್ಟಿ ಕಟ್ಟಿದಂತೆ ಉಬ್ಬಿರುತ್ತದೆ. ಮೆಕ್ಸಿಕೋದ ಕೆಂಪುಮೊಣಕಾಲಿನ ಟರಾಂಟುಲದಂಥವುಗಳಲ್ಲಿ ಮುಂಗಾಲಿಗೆ ಕೊಕ್ಕೆಗಳೂ ಮೂಡುವುದುಂಟು. ಆದರೆ ಎಲ್ಲ ಜಾತಿಗಳಿಗೂ ಆ ಕೊಕ್ಕೆಗಳಿಲ್ಲವಾದ್ದರಿಂದ, ಅವು ಕಾಣಲಿಲ್ಲವೆಂದು ಗಂಡನ್ನು ಅಪ್ರೌಢವೆಂದು ತಳ್ಳಿಹಾಕಲಾಗದು. ಇಷ್ಟಾದರೂ ಗಂಡು ಸಿದ್ಧವಾಯಿತೆಂದಲ್ಲ. ಅದು ಒಂದು ಚಿಕ್ಕ ಬಲೆಯನ್ನು ನೇಯ್ದು, ಅದರ ಮೇಲೆ ರೇತಸ್ಸಿನ ಹನಿಯನ್ನು ಬಿಟ್ಟು, ಆ ಹನಿಯನ್ನು ಕಿರುಗಾಲುಗಳ ಗುಬುಟಿನೊಳಕ್ಕೆ ಹೀರಿಕೊಂಡ ಮೇಲೆಯೇ ಸಮಾಗಮಕ್ಕೆ ಅರ್ಹವಾಗುವುದು. ಆ ಬಲೆಯ ಕುರುಹನ್ನು ಕಾಣುವವರೆಗೆ ಕಾಯುವವನೇ ನಿಜವಾದ ಸಾಕಣೆಗಾರನೆಂದು ನಾನು ಎಣಿಸುತ್ತೇನೆ.

ಹೆಣ್ಣಾದರೋ ಯಾವ ಬಹಿರಂಗ ಚಿಹ್ನೆಯನ್ನೂ ತೋರದು. ಪ್ರೌಢವಾದ ಬಳಿಕವೂ ಅದು ಜೀವಮಾನವಿಡೀ ಪೊರೆ ಬಿಡುತ್ತಲೇ ಇರುವುದರಿಂದ, ಅದರ ಪ್ರಾಯವನ್ನು ತಿಳಿಯಬಯಸುವವನು ಆ ಬಿಟ್ಟ ಪೊರೆಯನ್ನೇ ಪರೀಕ್ಷಿಸಬೇಕು. ಒಣಗಿ ಮುದುಡಿದ ಉದರಭಾಗದ ಪೊರೆಯನ್ನು ಸೋಪಿನ ಹನಿ ಬೆರೆಸಿದ ನೀರಿನಲ್ಲಿ ನೆನೆಸಿ, ಚಿಮಟ ಮತ್ತು ಕುಂಚಗಳಿಂದ ಮೆಲ್ಲಗೆ ಬಿಡಿಸಿ ಹರಡಿದರೆ, ನಾಲ್ಕು ಪುಪ್ಪುಸಗಳ ಬಿಳಿಯ ಗುರುತು ಕಾಣುತ್ತದೆ. ಮುಂದಿನ ಎರಡರ ನಡುವೆ, ಒಳಮೈಯಲ್ಲಿ, ಹೆಣ್ಣಿಗೆ ರೇತಸ್ಸನ್ನು ಸಂಗ್ರಹಿಸುವ ಪುಟ್ಟ ಕೋಶವೊಂದು ಇರುತ್ತದೆ. ಎಳೆಯ ಹೆಣ್ಣಿನಲ್ಲಿ ಅದು ತೆಳ್ಳಗೆ, ಗಿಡ್ಡಗೆ, ಹೆಚ್ಚು ಕಡಿಮೆ ಪಾರದರ್ಶಕ. ಬಲಿತ ಹೆಣ್ಣಿನಲ್ಲಿ ಎತ್ತರವಾಗಿ, ಗಟ್ಟಿಯಾಗಿ, ಕಂದುಬಣ್ಣಕ್ಕೆ ತಿರುಗಿ, ಭೂತಗನ್ನಡಿಯ ಕೆಳಗೆ ಸ್ಪಷ್ಟವಾಗಿ ತೋರುತ್ತದೆ. ಒಂದರ ಬಳಿಕ ಒಂದರಂತೆ ತೆಗೆದಿಟ್ಟ ಪೊರೆಗಳನ್ನು ಸಾಲಾಗಿ ಇಟ್ಟು ಈ ಕ್ರಮವಿಕಾಸವನ್ನು ನೋಡುವ ಆನಂದ ನಾನು ಬಲ್ಲ ಹವ್ಯಾಸಗಳಲ್ಲಿ ಬಹಳ ಅಪರೂಪದ್ದು; ಜೀವವನ್ನು ಮುಟ್ಟದೆ, ನೋಯಿಸದೆ, ಅದು ತಾನಾಗಿ ಬಿಟ್ಟುಕೊಟ್ಟದ್ದರಿಂದಲೇ ಅದರ ಅಂತರಂಗವನ್ನು ಅರಿಯುವ ಅವಕಾಶ ಬೇರೆಲ್ಲಿ ದೊರೆಯುತ್ತದೆ? ಮುಟ್ಟದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು: ಈ ಕುಲದ ಜೇಡಗಳ ಕಡಿತದಿಂದ ಮಾಂಸಖಂಡಗಳು ಸೆಳೆತಕ್ಕೊಳಗಾಗಿ ಬಹಳ ಯಾತನೆಯಾಗುತ್ತದೆ.

ಹೆಣ್ಣು ಬಲಿತಿದ್ದರೂ ಕಾಲ ಕೂಡಿಬರಬೇಕು. ಆ ಕೋಶದ ಒಳಪದರವೂ ಪೊರೆಯೊಡನೆ ಕಳಚಿಹೋಗುವುದರಿಂದ, ಮೊಟ್ಟೆಯಿಡುವ ಮುನ್ನವೇ ಹೆಣ್ಣು ಪೊರೆ ಬಿಟ್ಟಿತೆಂದರೆ ಕೂಡಿಟ್ಟ ರೇತಸ್ಸೆಲ್ಲ ನಷ್ಟವಾಗಿ ಅಷ್ಟು ದಿನದ ಶ್ರಮವೂ ವ್ಯರ್ಥ. ಆದಕಾರಣ ಅನುಭವಸ್ಥರು ಹೆಣ್ಣು ಪೊರೆ ಬಿಟ್ಟ ಅನಂತರ, ಬೆಳ್ಳಗಿದ್ದ ವಿಷದಂತಗಳು ಕೆಂಪಾಗಿ ಕಡೆಗೆ ಕಪ್ಪಾಗಿ ಗಟ್ಟಿಗೊಳ್ಳುವವರೆಗೆ ತಡೆದು, ಆಮೇಲೆ ಹೊಟ್ಟೆತುಂಬ ಉಣಿಸಿಯೇ ಗಂಡನ್ನು ಹತ್ತಿರ ಬಿಡುತ್ತಾರೆ. ಗಂಡು ತೊಗಟೆಯ ಮೇಲೆ ಕಾಲುಗಳಿಂದ ತಾಳ ಹಾಕುತ್ತದೆ. ಹೆಣ್ಣು ಪೊಟರೆಯೊಳಗಿಂದ ಪ್ರತಿತಾಳ ಹಾಕಿದರೆ ಒಪ್ಪಿಗೆಯ ಲಕ್ಷಣ.

ಒಂದೇ ಮೊಟ್ಟೆಚೀಲದಿಂದ ಹೊರಬಂದ ಅಣ್ಣತಮ್ಮಂದಿರು ಅಕ್ಕತಂಗಿಯರಿಗಿಂತ ಬಹಳ ಮುಂಚೆ ಬಲಿತು, ಅವರು ಪ್ರಾಯಕ್ಕೆ ಬರುವಷ್ಟರಲ್ಲಿ ಆಯುಸ್ಸು ಮುಗಿಸಿರುವುದು ಸಾಮಾನ್ಯ. ಆದ್ದರಿಂದ ಒಬ್ಬನ ಬಳಿ ಬಲಿತ ಗಂಡು, ಇನ್ನೊಬ್ಬನ ಬಳಿ ಬಲಿತ ಹೆಣ್ಣು ಇದ್ದಾಗ, ಗಂಡನ್ನು ಎರವಲು ಕೊಟ್ಟು ಹುಟ್ಟಿದ ಮರಿಗಳನ್ನು ಸಮಪಾಲು ಹಂಚಿಕೊಳ್ಳುವ ರೂಢಿ ಜರ್ಮನಿ, ಇಂಗ್ಲೆಂಡ್, ಅಮೆರಿಕಗಳ ಸಾಕಣೆಗಾರರಲ್ಲಿ ಬೆಳೆದುಬಂದಿದೆ. ಗಂಡಿನ ಪ್ರಾಯವು ಕೆಲವು ತಿಂಗಳ ಮಾತಾದ್ದರಿಂದ, ಕಡೆಯ ಪೊರೆ ಬಿಟ್ಟ ದಿನವನ್ನು ಗುರುತು ಹಾಕಿ ಪೆಟ್ಟಿಗೆಯೊಡನೆಯೇ ಕಳುಹಿಸಿಕೊಡುವವರನ್ನು ನಾನು ಈ ಕಲೆಯ ಸಜ್ಜನರೆಂದು ಗೌರವಿಸುತ್ತೇನೆ.