ಅಗ್ಗದ ಡಾಂಗಲ್ಲಿಗೆ ದುಬಾರಿ ಕೀರ್ತಿ

ಹಳೆಯ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿಕೊಂಡರೆ ಮಾಲೀಕನಿಗೆ ಸಿಗುವ ಮೊದಲ ಸಲಹೆ ಈಗ ಎಲ್ಲ ಕಡೆ ಒಂದೇ: ‘ಒಂದು ಎಲ್ಮ್ 327 ತಗೊಳ್ಳಿ, ಫೋನಿಗೆ ಟಾರ್ಕ್ ಆ್ಯಪ್ ಹಾಕ್ಕೊಳ್ಳಿ, ಮುಗೀತು.’ ಅಂಗೈಯಲ್ಲಿ ಅಡಗುವ ಆ ನೀಲಿ ಬ್ಲೂಟೂತ್ ಡಾಂಗಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೊಗಳುವವರ ಮಾತು ಕೇಳಿದರೆ ಅದು ಗ್ಯಾರೇಜಿನ ದಾರಿಯನ್ನೇ ಮರೆಸುವ ಸಾಧನ. ವಾಸ್ತವದಲ್ಲಿ ಅದರ ಕೀರ್ತಿ ಅದರ ಕೆಲಸಕ್ಕಿಂತ ಬಹಳ ಮುಂದೆ ಓಡಿದೆ. ವಿಚಿತ್ರವೆಂದರೆ, ಯಾರಿಗೆ ಇದನ್ನು ಒತ್ತಾಯ ಮಾಡಿ ಕೊಡಿಸುತ್ತಾರೋ ಆ ಹಳೆಯ ಕಾರಿನವರಿಗೇ ಇದು ಎಲ್ಲರಿಗಿಂತ ಕಡಿಮೆ ಉಪಯೋಗಕ್ಕೆ ಬರುತ್ತದೆ.

ಓಬಿಡಿ ಎಂದರೇನು, ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಕಿಂಡಿ ಯಾವುದು ಎಂದು ಮತ್ತೆ ವಿವರಿಸಬೇಕಿಲ್ಲ. ತಾರೀಖುಗಳನ್ನು ಮಾತ್ರ ನೆನಪಿಸಬೇಕು, ಏಕೆಂದರೆ ಎಡವಟ್ಟು ಶುರುವಾಗುವುದು ಅಲ್ಲಿಂದಲೇ. ಅಮೆರಿಕದಲ್ಲಿ ಓಬಿಡಿ-2 ಕಡ್ಡಾಯವಾದದ್ದು 1996ರ ಮಾದರಿಗಳಿಂದ. ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಿಂದ. ಭಾರತದಲ್ಲಿ ಬಿಎಸ್-4 ನಿಯಮದ ಜೊತೆ 2010ರ ಏಪ್ರಿಲ್‌ನಲ್ಲಿ ಮೊದಲ ಹಂತ ಬಂತು, 2013ರ ಏಪ್ರಿಲ್‌ನಲ್ಲಿ ಎರಡನೆಯದು. 2010ರಲ್ಲಿ ಬಿಎಸ್-4 ಜಾರಿಯಾದದ್ದು ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ. ಇಡೀ ದೇಶಕ್ಕೆ ಅದು ಬಂದದ್ದು 2017ರ ಏಪ್ರಿಲ್‌ನಲ್ಲಿ. ಹೀಗಾಗಿ ‘20 ವರ್ಷದ ಕಾರಿಗೂ ಇದು ಸಾಕು’ ಎಂದು ಅಮೆರಿಕದವನೊಬ್ಬ ಹೇಳಿದರೆ ಅದು ಅವನ ಊರಿನ ಸತ್ಯ. ಅದೇ ಮಾತನ್ನು 2007ರಲ್ಲಿ ಹಾವೇರಿಯಲ್ಲಿ ನೋಂದಣಿಯಾದ ಕಾರಿಗೆ ಅನ್ವಯಿಸಲು ಯಾವ ಆಧಾರವೂ ಇಲ್ಲ. ಆ ಕಾರಿನಲ್ಲೂ 16 ಪಿನ್ನಿನ ಕಿಂಡಿ ಇರಬಹುದು. ಆದರೆ ಅದರ ಹಿಂದಿರುವ ಇಸಿಯು ಕಂಪನಿಯ ಖಾಸಗಿ ಭಾಷೆಯನ್ನೇ ಆಡುತ್ತಿರಬಹುದು.

ಕಾನೂನಿನ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ನವೀಕರಣ ಮಾಡಿಸಿ ಓಡಿಸುವವರ ಬಹುಪಾಲು ಕಾರುಗಳು ಈ ಅನಿಶ್ಚಿತ ಕಾಲಘಟ್ಟದವು. ವಿಡಿಯೊ ವಿಮರ್ಶಕರು ಡಾಂಗಲನ್ನು ಪರೀಕ್ಷಿಸುವುದು ಮಾತ್ರ ಮೊನ್ನೆ ಮೊನ್ನೆ ಶೋರೂಮಿನಿಂದ ಇಳಿದ ಗಾಡಿಯಲ್ಲಿ. ಡಬ್ಬಿ ಬಿಚ್ಚುತ್ತಾರೆ, ಕಿಂಡಿಗೆ ಚುಚ್ಚುತ್ತಾರೆ, ಫೋನಿನ ಪರದೆಯಲ್ಲಿ ಆರ್‌ಪಿಎಂ ಮುಳ್ಳು ಕುಣಿಯುವುದನ್ನು ತೋರಿಸಿ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತಾರೆ.

ಆವೃತ್ತಿಯ ಜಗಳವೊಂದು ಬೇರೆ ಇದೆ. ‘2.1 ಬೇಡ, 1.5 ಕೇಳಿ ತಗೊಳ್ಳಿ’ ಎಂಬುದು ತಿಳಿದವರು ಎನಿಸಿಕೊಂಡವರ ವೇದವಾಕ್ಯ. ಎಲ್ಮ್ 327 ಮೂಲತಃ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಕಂಪನಿಯ ಚಿಪ್. ಮೊದಲ ಆವೃತ್ತಿಗೆ ನಕಲು ತಡೆಯುವ ರಕ್ಷಣೆ ಹಾಕಿರಲಿಲ್ಲ. ಅದನ್ನು ಎತ್ತಿಕೊಂಡವರು ಲಕ್ಷಗಟ್ಟಲೆ ನಕಲು ಮಾಡಿದರು. 2022ರಲ್ಲಿ ಮೂಲ ಕಂಪನಿಯೇ ಬಾಗಿಲು ಹಾಕಿತು. ಆ ಕಂಪನಿ 1.4ರ ನಂತರ ಹೊರತಂದದ್ದು 2.0, 1.5 ಎಂಬ ಆವೃತ್ತಿಯನ್ನು ಅದು ಬಿಡುಗಡೆ ಮಾಡಲೇ ಇಲ್ಲ. ಅಂದರೆ ‘ಅಸಲಿ 1.5’ ಹುಡುಕುವವರು ಇಲ್ಲದ ವಸ್ತುವಿನ ಅಸಲಿತನ ಹುಡುಕುತ್ತಿದ್ದಾರೆ. ಆ್ಯಪ್ ಕೇಳಿದಾಗ ಡಾಂಗಲ್ ಹೇಳುವ ಆವೃತ್ತಿ ಸಂಖ್ಯೆ ನಕಲು ಮಾಡಿದವನು ಬರೆದಿಟ್ಟ ಒಂದು ಸಾಲು, ಅಷ್ಟೇ. 1.5 ಎಂದು ಹೇಳಿಕೊಳ್ಳುವ ಕೆಲವು ನಕಲುಗಳು 2.1 ಎನ್ನುವವಕ್ಕಿಂತ ಚೆನ್ನಾಗಿ ಕೆಲಸ ಮಾಡುವುದುಂಟು, ಆದರೆ ಅದಕ್ಕೆ ಕಾರಣ ಒಳಗಿರುವ ಚಿಪ್ಪು.

ಈ ಸಾಧನದ ನಿಜವಾದ ಪರೀಕ್ಷೆ ಬೇರೆ ಕಡೆ ಇದೆ. ಹೊಸ ಕಾರುಗಳು ಕ್ಯಾನ್ ಎಂಬ ಜಾಲದಲ್ಲಿ ಮಾತಾಡುತ್ತವೆ, ಸಾಮಾನ್ಯವಾಗಿ ಸೆಕೆಂಡಿಗೆ ಐದು ಲಕ್ಷ ಬಿಟ್ ವೇಗದಲ್ಲಿ. ಹಳೆಯ ಅನೇಕ ಕಾರುಗಳಲ್ಲಿ ಇರುವುದು ಕೆ-ಲೈನ್ ಎಂಬ ಒಂಟಿ ತಂತಿ. ಅದರ ವೇಗ ಸೆಕೆಂಡಿಗೆ 10,400 ಬಿಟ್, ಹೆಚ್ಚುಕಡಿಮೆ 48ನೆಯ ಒಂದು ಪಾಲು. ಮಾತು ಆರಂಭವಾಗುವ ರೀತಿಯೂ ಬೇರೆ. ಕೆ-ಲೈನಿನ ಒಂದು ಬಗೆಯಲ್ಲಿ ಸ್ಕ್ಯಾನರ್ ಮೊದಲು ಇಸಿಯುವಿನ ವಿಳಾಸವನ್ನು ಸೆಕೆಂಡಿಗೆ ಕೇವಲ ಐದು ಬಿಟ್ ವೇಗದಲ್ಲಿ ಕಳಿಸಬೇಕು. ಹತ್ತು ಬಿಟ್‌ಗೆ ಪೂರ್ತಿ ಎರಡು ಸೆಕೆಂಡು. ಆಮೇಲೆ ಇಸಿಯು ಎದ್ದು 10,400ರ ವೇಗಕ್ಕೆ ಜಿಗಿದು ಉತ್ತರಿಸುತ್ತದೆ. ಆ ಜಿಗಿತವನ್ನು ಸ್ಕ್ಯಾನರ್ ಸರಿಯಾದ ಗಳಿಗೆಯಲ್ಲಿ ಹಿಡಿಯಬೇಕು. ಅಗ್ಗದ ನಕಲುಗಳು ಸೋಲುವುದು ಇಲ್ಲೇ. ಕೆಲವುದರ ಬೋರ್ಡಿನಲ್ಲಿ ಕೆ-ಲೈನಿಗೆ ಬೇಕಾದ ಬಿಡಿಭಾಗಗಳನ್ನೇ ಕೂರಿಸಿರುವುದಿಲ್ಲ. ಫೋನಿನಲ್ಲಿ ‘ಅನೇಬಲ್ ಟು ಕನೆಕ್ಟ್’ ಎಂದು ಬಂದಾಗ ಮಾಲೀಕ ಕಾರಿನ ವೈರಿಂಗ್ ಮೇಲೆ ಅನುಮಾನ ಪಡುತ್ತಾನೆ.

ಕನೆಕ್ಟ್ ಆದರೂ ತೊಂದರೆ ಮುಗಿಯುವುದಿಲ್ಲ. ಆಗ ಆಗುವ ತಪ್ಪು ಇನ್ನೂ ಸೂಕ್ಷ್ಮ, ಜೇಬಿಗೆ ಇನ್ನೂ ಭಾರ. ಇದನ್ನು ಯಾವ ವಿಮರ್ಶಕನೂ ಮುಟ್ಟದಿರುವುದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು.

ಈ ಕಾರುಗಳ ಸಾಮಾನ್ಯ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ 0.1 ಮತ್ತು 0.9ರ ನಡುವೆ ಜೀಕುತ್ತಿರುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ 2500 ಆರ್‌ಪಿಎಂ ಹಿಡಿದರೆ ಆರೋಗ್ಯವಂತ ಸೆನ್ಸರ್ ಸೆಕೆಂಡಿಗೆ ಒಂದು ಸಲವಾದರೂ, ಎಷ್ಟೋ ಸಲ ಅದಕ್ಕಿಂತ ಚುರುಕಾಗಿ, ಮೇಲೆ ಕೆಳಗೆ ಹೋಗಿಬರುತ್ತದೆ. ಈಗ ಕೆ-ಲೈನಿನ ಲೆಕ್ಕ ಹಾಕಿ. ಪ್ರಶ್ನೆ ಹೋಗಬೇಕು, ಇಸಿಯು ಯೋಚಿಸಲು 25ರಿಂದ 50 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ಉತ್ತರ ಬಂದ ಮೇಲೆ ಮುಂದಿನ ಪ್ರಶ್ನೆಗೆ ಕನಿಷ್ಠ 55 ಮಿಲಿಸೆಕೆಂಡು ಬಿಡುವು ಬೇಕು. ಒಂದು ಪ್ರಶ್ನೋತ್ತರಕ್ಕೆ ಕಡಿಮೆಯೆಂದರೂ ಸೆಕೆಂಡಿನ ಹತ್ತನೆಯ ಒಂದು ಭಾಗ ಆಯಿತು. ಒಂದು ಸಲಕ್ಕೆ ಒಂದೇ ಸಂಗತಿ ಕೇಳಲು ಸಾಧ್ಯ. ಆ್ಯಪಿನ ಪರದೆಯಲ್ಲಿ ಚಂದಕ್ಕೆಂದು ಆರ್‌ಪಿಎಂ, ವೇಗ, ಕೂಲೆಂಟ್ ಬಿಸಿ, ಥ್ರಾಟಲ್, ಎಂಜಿನ್ ಲೋಡ್, ಜೊತೆಗೆ ಆಕ್ಸಿಜನ್ ಸೆನ್ಸರ್ ಎಂದು ಆರು ಮೀಟರು ಜೋಡಿಸಿಕೊಂಡರೆ ಆಕ್ಸಿಜನ್ ಸೆನ್ಸರಿನ ಸರದಿ ಬರುವುದು ಸೆಕೆಂಡಿಗೆ ಒಂದೂವರೆ ಸಲ ಅಂದುಕೊಳ್ಳಿ. ಬ್ಲೂಟೂತ್‌ನ ವಿಳಂಬ, ನಕಲಿ ಚಿಪ್ಪಿನ ಅನಗತ್ಯ ಕಾಯುವಿಕೆ ಸೇರಿದರೆ ಇನ್ನೂ ಕಡಿಮೆ.

ಸೆಕೆಂಡಿಗೆ ಒಂದು ಸಲ ಏರಿಳಿಯುವ ಅಲೆಯನ್ನು ನಿಜರೂಪದಲ್ಲಿ ಕಾಣಲು ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಸಲ ಅಳೆಯಬೇಕು. ಇದು ಸಿಗ್ನಲ್ ಶಾಸ್ತ್ರದ ಮೊದಲ ಪಾಠ. ಅಷ್ಟು ಅಳೆಯದಿದ್ದರೆ ಅಲೆ ಮಾಯವಾಗುವುದಿಲ್ಲ, ಅದರ ಬದಲು ಇಲ್ಲದ ಇನ್ನೊಂದು ನಿಧಾನದ ಅಲೆ ಕಾಣಿಸಿಕೊಳ್ಳುತ್ತದೆ. ಆ್ಯಪ್ ಬಿಡಿ ಬಿಡಿ ಚುಕ್ಕಿಗಳ ನಡುವೆ ಗೆರೆ ಎಳೆದು ಅದಕ್ಕೆ ವೈಜ್ಞಾನಿಕ ಕಳೆ ಕೊಡುತ್ತದೆ. ಮಾಲೀಕ ಅದನ್ನು ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸುತ್ತಾನೆ. ‘ಸೆನ್ಸರ್ ಸೋಮಾರಿಯಾಗಿದೆ, ಚೇಂಜ್ ಮಾಡಿಸಿ’ ಎಂದು ಉತ್ತರ ಬರುತ್ತದೆ. ಸಾವಿರಾರು ರೂಪಾಯಿಯ ಸೆನ್ಸರ್ ಬದಲಾಗುತ್ತದೆ, ದೀಪ ಮತ್ತೆ ಹೊತ್ತುತ್ತದೆ. ಸೋಮಾರಿಯಾಗಿದ್ದದ್ದು ಸೆನ್ಸರ್ ಅಲ್ಲ, ಅದನ್ನು ನೋಡುತ್ತಿದ್ದ ಕಣ್ಣು.

ಪಿ0171 ಕೋಡ್ ಬಂದಾಗ, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದು ಇಸಿಯು ದೂರಿದಾಗ, ಈ ನಿಧಾನದ ತಂತಿಯಲ್ಲೂ ನಂಬಬಹುದಾದ ಒಂದು ಓದು ಇದೆ. ಅದು ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್. ಇಸಿಯು ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚಿಸಿ, ಇಳಿಸಿ ಸರಿದೂಗಿಸುತ್ತಿದೆ ಎಂಬ ಲೆಕ್ಕವದು. ನಿಧಾನವಾಗಿ ಬದಲಾಗುವ ಅಂಕಿಯಾದ್ದರಿಂದ ಸೆಕೆಂಡಿಗೆ ಒಂದು ಸಲ ನೋಡಿದರೂ ಮೋಸವಿಲ್ಲ. ಐಡ್ಲಿಂಗಿನಲ್ಲಿ ಅದು ಶೇ. 18ರಷ್ಟು ಮೇಲಿದ್ದು, 2500 ಆರ್‌ಪಿಎಂಗೆ ಶೇ. 3ಕ್ಕೆ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪನ್ನು ಮೊದಲು ಹುಡುಕಬೇಕು. ಐಡ್ಲಿಂಗಿನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಏರಿದರೆ ಫ್ಯೂಯೆಲ್ ಪಂಪು, ಫಿಲ್ಟರಿನ ಕಡೆ ಹೊರಳಬೇಕು. ಎರಡು ಅಂಕಿ ಸಾಕು, ಗ್ರಾಫ್ ಬೇಡ. ಕೋಡ್ ಬಿದ್ದ ಗಳಿಗೆಯಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬ ಫ್ರೀಜ್ ಫ್ರೇಮ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಡಾಂಗಲ್ ಭಕ್ತರು ಮೊದಲ ದಿನವೇ ಒತ್ತುವ ‘ಕ್ಲಿಯರ್ ಕೋಡ್’ ಗುಂಡಿ ಅಳಿಸಿಹಾಕುವುದು ಈ ಫ್ರೀಜ್ ಫ್ರೇಮನ್ನೇ.

ಡಾಂಗಲ್ಲಿಗೆ ಸಲ್ಲಬೇಕಾದದ್ದು ಸಲ್ಲಲಿ. 2013ರ ನಂತರದ ಕ್ಯಾನ್ ಕಾರಿಗೆ, ಕೋಡ್ ಏನೆಂದು ತಿಳಿಯುವಷ್ಟಕ್ಕೆ ಅದು ಸಾಕು. ತಮ್ಮ ಎಂಜಿನ್ ಒಳಗೆ ಅಂಕಿಗಳಿವೆ ಎಂದು ಸಾವಿರಾರು ಜನಕ್ಕೆ ತೋರಿಸಿಕೊಟ್ಟದ್ದೂ ಅದೇ. ಆದರೆ ಕಿಂಡಿಯ 16ನೆಯ ಪಿನ್ನಿನಲ್ಲಿ ಸದಾ ಬ್ಯಾಟರಿಯ ಕರೆಂಟ್ ಇರುತ್ತದೆ. ವಾರಗಟ್ಟಲೆ ನಿಲ್ಲುವ ಹಳೆಯ ಕಾರಿನಲ್ಲಿ ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಕೂರುತ್ತದೆ ಎಂಬ ಎಚ್ಚರಿಕೆಯನ್ನಾದರೂ ವಿಮರ್ಶಕರು ಕೊಡಬಹುದಿತ್ತು.

ಇನ್ನೊಂದು ಪಂಗಡದವರು ಗ್ಯಾರೇಜು ಪಂಡಿತರು. ‘ಕೋಡ್ ಓದೋದು ಡಯಾಗ್ನೋಸಿಸ್ ಅಲ್ಲ ಸಾರ್. ಲಾಂಚ್, ಆಟೆಲ್ ಥರದ ದೊಡ್ಡ ಸ್ಕ್ಯಾನರ್ ಇಲ್ಲದೆ ಕೈಹಾಕ್ಬೇಡಿ’ ಎಂಬುದು ಇವರ ರಾಗ. ಮೊದಲ ವಾಕ್ಯ ಸರಿ. ಎರಡನೆಯದು ವ್ಯಾಪಾರ. ಕೆ-ಲೈನಿನ ಆ 55 ಮಿಲಿಸೆಕೆಂಡಿನ ಬಿಡುವು ನಿಯಮದಲ್ಲೇ ಇದೆ. ಲಕ್ಷ ರೂಪಾಯಿಯ ಯಂತ್ರವೂ ಓಬಿಡಿ ಓದುವಾಗ ಅದನ್ನು ಕಾಯಬೇಕು. ದೊಡ್ಡ ದುಡ್ಡಿಗೆ ಸಿಗುವುದು ಎಬಿಎಸ್, ಏರ್‌ಬ್ಯಾಗ್ ಓದುವ ಸೌಲಭ್ಯ, ಕಂಪನಿಯ ಖಾಸಗಿ ಭಾಷೆಯ ತಿಳಿವು, ರೇಡಿಯೇಟರ್ ಫ್ಯಾನನ್ನೋ ಪಂಪನ್ನೋ ಸ್ಕ್ಯಾನರಿನಿಂದಲೇ ಓಡಿಸಿ ನೋಡುವ ಅವಕಾಶ. ಗ್ಯಾರೇಜಿಗೆ ಅವು ಬೇಕು, ಒಂದೇ ಕಾರಿನ ಮಾಲೀಕನಿಗೆ ವರ್ಷಕ್ಕೊಮ್ಮೆಯೂ ಬೇಕಾಗುವುದಿಲ್ಲ. ಅಲ್ಲದೆ, ಕೋಡ್ ನೋಡಿ ನೇರ ಸೆನ್ಸರ್ ಬದಲಿಸುವ ಚಾಳಿ ದೊಡ್ಡ ಸ್ಕ್ಯಾನರ್ ಇಟ್ಟುಕೊಂಡವರಲ್ಲೂ ಇದೆ.

ಈ ಎರಡು ಪಂಗಡಗಳ ಗದ್ದಲದಲ್ಲಿ ಮೂಲೆಗುಂಪಾದದ್ದು ತಂತಿ ಇರುವ, ತನ್ನದೇ ಪುಟ್ಟ ಪರದೆ ಇರುವ ಹ್ಯಾಂಡ್‌ಹೆಲ್ಡ್ ಕೋಡ್ ರೀಡರ್. ಕೊನ್‌ವೇ, ಆನ್ಸೆಲ್, ಲಾಂಚ್‌ನ ಸಣ್ಣ ಕ್ರೀಡರ್ ಮಾದರಿಗಳು ಈ ಜಾತಿಯವು. ಬೆಲೆ ಡಾಂಗಲ್ಲಿಗಿಂತ ಕೆಲವು ಪಟ್ಟು ಹೆಚ್ಚು, ಗ್ಯಾರೇಜಿನ ಯಂತ್ರದ ಮುಂದೆ ಏನೇನೂ ಅಲ್ಲ. ಫೋನು, ಬ್ಲೂಟೂತ್, ಆ್ಯಪ್ ಎಂಬ ಮೂರು ಮಧ್ಯವರ್ತಿಗಳು ಇಲ್ಲ. ಕ್ಯಾನ್ ಬರುವ ಮೊದಲಿನ ಪ್ರೋಟೊಕಾಲ್‌ಗಳನ್ನೂ ಸೇರಿಸಿಯೇ ಇವನ್ನು ತಯಾರಿಸುತ್ತಾರೆ. ನೋಡಲು ಹಳೆಯ ಕ್ಯಾಲ್ಕುಲೇಟರಿನಂತಿರುವುದರಿಂದ ವಿಡಿಯೊದಲ್ಲಿ ಮೆರೆಯುವುದಿಲ್ಲ, ಹಾಗಾಗಿ ಅಂಕವೂ ಬೀಳುವುದಿಲ್ಲ. ಬಿದ್ದರೂ ಬೀಳುವುದು ತಪ್ಪು ಕಾರಣಕ್ಕೆ: ಕೆಂಪು, ಹಳದಿ, ಹಸಿರು ದೀಪ ತೋರಿಸಿ ಎಮಿಷನ್ ಟೆಸ್ಟಿಗೆ ಕಾರು ಸಿದ್ಧವೇ ಎಂದು ಹೇಳುತ್ತದೆಂದು ವಿಮರ್ಶಕರು ಕೊಂಡಾಡುತ್ತಾರೆ. ಆ ಸೌಲಭ್ಯ ಹುಟ್ಟಿದ್ದು ಓಬಿಡಿ ಕಿಂಡಿಯಿಂದಲೇ ಎಮಿಷನ್ ಪರೀಕ್ಷೆ ಮಾಡುವ ಅಮೆರಿಕದ ರಾಜ್ಯಗಳಿಗಾಗಿ. ಕರ್ನಾಟಕದ ಎಮಿಷನ್ ಟೆಸ್ಟ್ ಕೇಂದ್ರದಲ್ಲಿ ಸೈಲೆನ್ಸರಿಗೆ ನಳಿಕೆ ತೂರಿಸಿ ಅನಿಲ ಅಳೆಯುತ್ತಾರೆ, ಕಿಂಡಿಯ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ.

ಫೋನಿನಲ್ಲೇ ನೋಡಬೇಕೆಂಬ ಹಟವಿದ್ದರೆ ಎಸ್‌ಟಿಎನ್ ಚಿಪ್ಪಿನ ಓಬಿಡಿಲಿಂಕ್ ಕೊಳ್ಳುವುದು ಮೇಲು. ಬೆಲೆ ಹೆಚ್ಚು, ಆದರೆ ಅದರ ಕೆ-ಲೈನ್ ನೆಚ್ಚಬಹುದಾದದ್ದು.

2010ಕ್ಕಿಂತ ಹಿಂದಿನ ಕಾರಿಗೆ ಎಷ್ಟೋ ಸಲ ಇವು ಯಾವುವೂ ಬೇಡ. ಆ ಕಾಲದ ಟೊಯೋಟಾ, ಹೋಂಡಾ, ಮಾರುತಿಯ ಹಲವು ಎಂಜಿನ್ನುಗಳಲ್ಲಿ ಸರ್ವಿಸ್ ಕನೆಕ್ಟರಿನ ಎರಡು ಟರ್ಮಿನಲ್ ಜೋಡಿಸಿ ಕೀ ಆನ್ ಮಾಡಿದರೆ ಚೆಕ್ ಎಂಜಿನ್ ದೀಪವೇ ಮಿನುಗಿ ಕೋಡ್ ಹೇಳುತ್ತದೆ. ಟೊಯೋಟಾದಲ್ಲಿ ಟಿಇ1 ಮತ್ತು ಇ1. ಹಳೆಯ ಹೋಂಡಾದಲ್ಲಿ ಡ್ಯಾಶ್ ಕೆಳಗಿನ ಎರಡು ಪಿನ್ನಿನ ಕನೆಕ್ಟರ್, ಉದ್ದ ಮಿನುಗು ಹತ್ತು, ಗಿಡ್ಡ ಮಿನುಗು ಒಂದು. ಸುಜುಕಿ ಎಂಜಿನ್ನುಗಳಲ್ಲಿ 12 ಬಂದರೆ ಇಸಿಯುವಿನ ಮಟ್ಟಿಗೆ ದೋಷವಿಲ್ಲ. ಬೇಕಾದದ್ದು ಒಂದು ತುಂಡು ವೈರು, ಆಯಾ ಮಾದರಿಯ ಸರ್ವಿಸ್ ಮ್ಯಾನುಯಲ್. ಮ್ಯಾನುಯಲ್ ನೋಡದೆ ತಪ್ಪು ಟರ್ಮಿನಲ್ ಜೋಡಿಸಿದರೆ ಫ್ಯೂಸಿನಿಂದ ಇಸಿಯುವರೆಗೆ ಏನು ಬೇಕಾದರೂ ಹೋಗಬಹುದು. ಡಾಂಗಲ್ಲಿಗೆ ಕೊಡುವ ದುಡ್ಡನ್ನು ಮಲ್ಟಿಮೀಟರಿಗೆ ಹಾಕಿದರೆ ಈ ಕಾರುಗಳಿಗೆ ಹೆಚ್ಚು ಸೇವೆ ಸಲ್ಲುತ್ತದೆ.

ಆಯ್ಕೆಗೆ ಮೊದಲು ನೋಡಬೇಕಾದದ್ದು ಆರ್‌ಸಿಯಲ್ಲಿ ನಮೂದಾದ ತಯಾರಿಕೆಯ ತಿಂಗಳು ಮತ್ತು ವರ್ಷ. ಆಮೇಲೆ ಟಾರ್ಚ್ ಹಿಡಿದು ಕಿಂಡಿಯೊಳಗೆ ಇಣುಕಬೇಕು. 6 ಮತ್ತು 14ನೆಯ ಮನೆಯಲ್ಲಿ ಲೋಹದ ಪಿನ್ ಇದ್ದರೆ ಕ್ಯಾನ್ ಇರುವ ಸಂಭವ ಹೆಚ್ಚು. ಅವು ಖಾಲಿಯಿದ್ದು 7ರಲ್ಲಿ ಪಿನ್ ಇದ್ದರೆ ಕೆ-ಲೈನ್. ಅಲ್ಲಿಗೆ ನೀಲಿ ಡಾಂಗಲ್ಲನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೊಳ್ಳುವವರು ಕಾರನ್ನೂ ಒಯ್ದು, ದುಡ್ಡು ಕೊಡುವ ಮೊದಲು ಸ್ವಂತ ಕಿಂಡಿಗೆ ಚುಚ್ಚಿಸಿ ಮೂರು ಸಂಗತಿ ನೋಡಬೇಕು: ಮೊದಲ ಯತ್ನಕ್ಕೇ ಕನೆಕ್ಟ್ ಆಗುತ್ತದೆಯೇ, ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ಪಟ್ಟಿಯಲ್ಲಿದೆಯೇ, ಫ್ರೀಜ್ ಫ್ರೇಮ್ ತೆರೆಯುತ್ತದೆಯೇ. ಅಂಗಡಿಯವನು ಇದಕ್ಕೆ ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಬಹುದು, ಆ ರಸ್ತೆಯಲ್ಲಿ ಅಂಗಡಿಗಳಿಗೆ ಬರವಿಲ್ಲ.