ಮುತ್ತುಗದ ಬಣ್ಣ: ಗುಣದೋಷ ವಿವೇಚನೆ

ಕಾಡುಹೂಗಳಿಂದ ಮನೆಯಲ್ಲಿಯೇ ನೂಲಿಗೆ ಬಣ್ಣ ಕಟ್ಟುವ ಕಲೆಯನ್ನು ಪ್ರಶಂಸಿಸುವವರು ಸಾಮಾನ್ಯವಾಗಿ ಎರಡು ಗುಣಗಳನ್ನು ಮುಂದಿಡುವರು: ಅದು ನಿರಪಾಯಕರವೆಂಬುದೊಂದು, ಚಿರಸ್ಥಾಯಿಯೆಂಬುದು ಇನ್ನೊಂದು. ಫಾಲ್ಗುಣದ ಹೊತ್ತಿಗೆ ನಮ್ಮ ಕುರುಚಲು ಕಾಡುಗಳಲ್ಲಿ ಎಲೆಯುದುರಿದ ಕೊಂಬೆಗಳ ತುಂಬ ಅರಳುವ ಮುತ್ತುಗದ ಹೂವನ್ನೇ ನಿದರ್ಶನವಾಗಿಟ್ಟುಕೊಂಡು ಪರೀಕ್ಷಿಸಿದರೆ, ಈ ಎರಡು ಪ್ರಶಂಸೆಗಳೂ ಪೂರ್ಣವಾಗಿ ಸಲ್ಲುವುದಿಲ್ಲ. ನಿಜವಾಗಿ ಸಲ್ಲಬೇಕಾದ ಗುಣ ಬೇರೆಯೇ ಇದೆ.

ದಳಗಳನ್ನು ರಾತ್ರಿಯೆಲ್ಲ ನೆನೆಯಿಟ್ಟು, ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿದ ಕಷಾಯದಲ್ಲಿ, ಮೊದಲೇ ಪಟಿಕದ ನೀರನ್ನುಂಡ ರೇಷ್ಮೆಯ ಲಡಿಯನ್ನು ಅದ್ದಿದರೆ ಅದು ಹೊಂಬಣ್ಣವನ್ನು ತಾಳುವುದು. ಸುಣ್ಣದ ತಿಳಿ ಕೊಂಚ ಬೆರೆತರೆ ಕಿತ್ತಳೆಯತ್ತ ತಿರುಗುವುದು. ಚಿಟಿಕೆ ಅನ್ನಭೇದಿ ಬಿದ್ದೊಡನೆ ಹಸುರುಗಂದಾಗಿ ಮಂಕಾಗುವುದು. ಅದೇ ಪಾತ್ರೆಗೆ ಹತ್ತಿಯ ನೂಲನ್ನಿಳಿಸಿದವರಿಗೆ ಪೇಲವ ಛಾಯೆ ಮಾತ್ರ ದಕ್ಕುವುದು. ಏಕೆಂದರೆ ಪ್ರಾಣಿಜನ್ಯವಾದ ರೇಷ್ಮೆ, ಉಣ್ಣೆಗಳಂತೆ ಸಸ್ಯಜನ್ಯವಾದ ಹತ್ತಿಯು ಪಟಿಕವನ್ನು ಸುಲಭವಾಗಿ ಹಿಡಿದುಕೊಳ್ಳಲಾರದು. ಅದಕ್ಕೆ ಮೊದಲು ಅಳಲೆಕಾಯಿಯ ಒಗರನ್ನು ಉಣಿಸಬೇಕು.

ಇಷ್ಟು ಶ್ರಮದಿಂದ ಪಡೆದ ಶೋಭೆಯೂ ಬಿಸಿಲಿನಲ್ಲಿ ಬಹುಕಾಲ ನಿಲ್ಲದು. ಹೂವಿನ ಬಣ್ಣದ ಈ ಸ್ವಭಾವವನ್ನು ಹಿಂದಿನವರು ಅರಿಯದವರಲ್ಲ. 14ನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಪೂರ್ವರಾಗವನ್ನು ಮೂರಾಗಿ ವಿಂಗಡಿಸುವಾಗ, ಅತಿಯಾಗಿ ಹೊಳೆಯದಿದ್ದರೂ ಅಳಿಯದ ಪ್ರೇಮಕ್ಕೆ ನೀಲಿಯ ಹೆಸರನ್ನೂ, ಹೊಳೆದು ಅಳಿಯುವುದಕ್ಕೆ ಕುಸುಬೆಯ ಹೆಸರನ್ನೂ, ಹೊಳೆದೂ ಅಳಿಯದುದಕ್ಕೆ ಮಂಜಿಷ್ಠದ ಹೆಸರನ್ನೂ ಕೊಟ್ಟನು. ಎಲೆಯಿಂದ ಬಂದ ನೀಲಿ, ಬೇರಿನಿಂದ ಬಂದ ಮಂಜಿಷ್ಠಗಳಿಗೆ ಸಂದ ಸ್ಥೈರ್ಯ ಹೂವಿನಿಂದ ಬಂದ ಕುಸುಬೆಗೆ ಸಲ್ಲದೆಂಬ ಬಣ್ಣಗಾರರ ಅನುಭವವು ಅಲಂಕಾರಶಾಸ್ತ್ರದವರೆಗೂ ಮುಟ್ಟಿತ್ತೆಂದಾಯಿತು.

ನಿರಪಾಯಕರವೆಂಬ ಮಾತಿಗೂ ಮಿತಿಯುಂಟು. ಹೂವು ನಿರ್ದೋಷಿಯಾದರೂ, ವರ್ಣಭೇದಕ್ಕಾಗಿ ಕೆಲವರು ಬೆರೆಸುವ ಮೈಲುತುತ್ತ ವಿಷ. ಅದನ್ನು ಅಡುಗೆಯ ಪಾತ್ರೆಯಲ್ಲಿ ಕಾಯಿಸಿ, ಉಳಿದ ನೀರನ್ನು ಹಿತ್ತಿಲಿಗೆ ಚೆಲ್ಲುವವರು ನಿಸರ್ಗಪ್ರೇಮದ ಹೆಸರೆತ್ತದಿರುವುದೇ ಲೇಸು.

ಹಾಗಾದರೆ ಈ ಕಲೆಯ ಸಾರ್ಥಕ್ಯವೆಲ್ಲಿ? 1856ರಲ್ಲಿ ಪರ್ಕಿನ್ ಎಂಬ ಆಂಗ್ಲ ಯುವಕನು ಕಲ್ಲಿದ್ದಲಿನ ಟಾರಿನ ಮೂಲದಿಂದ ನೇರಳೆ ಬಣ್ಣವನ್ನು ಪಡೆದಂದಿನಿಂದ, ಬಣ್ಣವೆಂದರೆ ಅಂಗಡಿಯಿಂದ ಸಿದ್ಧವಾಗಿ ಬರುವ ಪುಡಿಯೆಂಬ ಭಾವನೆ ಬೇರೂರಿತು. ನೂಲು, ನೀರು, ಲವಣ, ಉರಿ ಇವುಗಳ ಪರಸ್ಪರ ಸಂಬಂಧದಿಂದ ವರ್ಣ ಹುಟ್ಟುವುದನ್ನು ಕಣ್ಣಾರೆ ಕಂಡವನಿಗೆ ಬಟ್ಟೆಯನ್ನು ನೋಡುವ ದೃಷ್ಟಿಯೇ ಸಂಸ್ಕಾರಗೊಳ್ಳುವುದು. ಈ ಶಿಕ್ಷಣವೇ ಇದರ ನಿಜವಾದ ಫಲ. ಆದಕಾರಣ, ಬಣ್ಣ ಬಿಡದೆಂದು ಮಾತುಕೊಟ್ಟು ಮಾರುವ ಸೀರೆಗೆ ನಾನು ಮುತ್ತುಗವನ್ನು ಒಪ್ಪಲಾರೆ. ವರ್ಷಕ್ಕೊಮ್ಮೆ ಹೂ ಬಂದಾಗ ಪುನಃ ಅದ್ದಿಕೊಳ್ಳುವ ತಾಳ್ಮೆಯುಳ್ಳವರ ಉತ್ತರೀಯಕ್ಕೆ ನಿಸ್ಸಂಕೋಚವಾಗಿ ಒಪ್ಪುವೆನು.