ಡೊಳ್ಳಿನ ಪದಕ್ಕೆ ಆಟೋಟ್ಯೂನ್ ಹಚ್ಚಿದರೆ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಉಮದಿ, ಸಂಖ, ತಿಕೋಂಡಿ ಕಡೆಯ ಕನ್ನಡ ಊರುಗಳಲ್ಲಿ ಡೊಳ್ಳಿನ ಪದ ಬೆಳೆದದ್ದು ಮೈಕಿಲ್ಲದ ಬಯಲಿನಲ್ಲಿ. ಡೊಳ್ಳು, ತಾಳಗಳ ಅಬ್ಬರ ಮೀರಿ ಜಾತ್ರೆಯ ಕೊನೆಯ ಸಾಲಿನವನಿಗೂ ಮಾತು ಮುಟ್ಟಬೇಕಿತ್ತು. ಅದಕ್ಕೇ ಆ ಏರುದನಿ, ಅದಕ್ಕೇ ಎದೆಯಿಂದ ಎತ್ತುವ ಗಡಸು ಸೊಲ್ಲು. ಈಗ ಅದೇ ಪದ ಗಡಿಯ ಆಚೀಚಿನ ಸಣ್ಣ ಸ್ಟುಡಿಯೋಗಳಲ್ಲಿ ಕೀಬೋರ್ಡು, ರಿದಮ್ ಪ್ಯಾಡು, ಎಕೋ, ಆಟೋಟ್ಯೂನ್ ಹಚ್ಚಿಕೊಂಡು ಮೊಬೈಲಿಗೆ, ಅಲ್ಲಿಂದ ಟ್ರ್ಯಾಕ್ಟರಿನ ಟೇಪಿಗೆ ಬರುತ್ತದೆ. ಯಂತ್ರ ಬಂದು ಜಾನಪದ ಕೆಟ್ಟಿತು ಎಂಬ ಸಾರಾಸಗಟು ದೂರು ನನಗೆ ಒಪ್ಪಿಗೆಯಿಲ್ಲ. ನನ್ನ ತಕರಾರು ಅದಕ್ಕಿಂತ ಚಿಕ್ಕದು: ಡೊಳ್ಳಿನ ಪದದಲ್ಲಿ ಯಾವುದು ಹಾಡುಗಾರಿಕೆಯೋ ಅದನ್ನೇ ಆಟೋಟ್ಯೂನ್ ಎಂಬ ಸಾಫ್ಟ್‌ವೇರ್ ತಪ್ಪೆಂದು ಎಣಿಸುತ್ತದೆ.

ಆಟೋಟ್ಯೂನ್ ಬಂದದ್ದು 1997ರಲ್ಲಿ. ಅದನ್ನು ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ನೆಲದೊಳಗಿನ ಕಂಪನಗಳ ಲೆಕ್ಕದಿಂದ ಎಣ್ಣೆ ಹುಡುಕುವ ಕೆಲಸದಲ್ಲಿದ್ದವನು. ದನಿಯ ಶ್ರುತಿ ಕ್ಷಣಕ್ಷಣಕ್ಕೂ ಎಲ್ಲಿದೆ ಎಂದು ಲೆಕ್ಕ ಹಾಕಿ, ಅದನ್ನು ಹತ್ತಿರದ ಸ್ವರದ ಮನೆಗೆ ದೂಡುವುದು ಇದರ ಕೆಲಸ. ಎಷ್ಟು ಬೇಗ ದೂಡಬೇಕೆಂಬುದಕ್ಕೆ 'ರಿಟ್ಯೂನ್ ಸ್ಪೀಡ್' ಎಂಬ ಗುಂಡಿ ಇದೆ. ನಿಧಾನಕ್ಕಿಟ್ಟರೆ ಕೇಳುಗನಿಗೆ ಗೊತ್ತೇ ಆಗುವುದಿಲ್ಲ. ಸೊನ್ನೆಗಿಟ್ಟರೆ ದನಿ ಸ್ವರದಿಂದ ಸ್ವರಕ್ಕೆ ಜಿಗಿಯುತ್ತದೆ. 1998ರಲ್ಲಿ ಶೇರ್ ಹಾಡಿದ 'ಬಿಲೀವ್' ಜಗತ್ತಿಗೆ ಕೇಳಿಸಿದ್ದು ಈ ಜಿಗಿತವನ್ನೇ. ಇನ್ನು ಡೊಳ್ಳಿನ ಪದದ ಎತ್ತುಗಡೆ ನೋಡಿ. ಮುಮ್ಮೇಳದವನು ಒಂದು ನೀಳ 'ಏ' ಎಂದು ಕೆಳಗಿನಿಂದ ಎಳೆಯುತ್ತ ಮೇಲಿನ ಷಡ್ಜದ ಹತ್ತಿರ ಹೋಗುತ್ತಾನೆ, ಅಲ್ಲಿ ನಿಂತೂ ನಿಲ್ಲದಂತೆ ತುಸು ನಡುಗಿಸಿ ಕೆಳಕ್ಕೆ ಜಾರುತ್ತಾನೆ. ಪದದ ಕಸುವೆಲ್ಲ ಇರುವುದು ಮನೆಗಳಲ್ಲಲ್ಲ, ಮನೆಗಳ ನಡುವಿನ ಓಣಿಯಲ್ಲಿ. ಸೊನ್ನೆಗಿಟ್ಟ ಗುಂಡಿ ಆ ಜಾರುಗುಂಡಿಗೆ ಮೆಟ್ಟಿಲು ಕಡಿಯುತ್ತದೆ. ಕೇಳಲು ಅಚ್ಚುಕಟ್ಟು, ಆದರೆ ಹಾಡಿದವನು ಎಲ್ಲೂ ಹೋಗಿ ಬಂದಂತೆ ಅನಿಸುವುದಿಲ್ಲ.

ಹಾರ್ಮೋನಿಯಂ ಬಂದಾಗಲೂ ಹೀಗೇ ಕೂಗೆದ್ದಿತ್ತಲ್ಲ ಎನ್ನಬಹುದು. ಎದ್ದಿತ್ತು, ಅದೂ ಇದೇ ಜಿಲ್ಲೆಯಲ್ಲಿ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಇಪ್ಪತ್ತೆರಡು ಶ್ರುತಿಗಳ ಲೆಕ್ಕದ ಪುಸ್ತಕ ತಂದದ್ದು 1910ರಲ್ಲಿ. ಆ ಶ್ರುತಿಗಳನ್ನು ನುಡಿಸಬಲ್ಲ ಹಾರ್ಮೋನಿಯಂ ಮಾಡಿಸಲು ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಅಧಿಕಾರಿಯೂ ಜೊತೆಯಾದ. ಮಿರಜದಲ್ಲಿ ನೆಲೆಸಿದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಕಂಠ ಆ ಚರ್ಚೆಗೆ ಸಾಕ್ಷಿಯಾಯಿತು. ಗಲಾಟೆಗೆ ಕಾರಣವೂ ಇತ್ತು: ಕೀಲಿಮಣೆಯ ಶುದ್ಧ ಗಾಂಧಾರ ತಂಬೂರಿಯೊಳಗಿಂದ ಏಳುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ನಷ್ಟು ಮೇಲಿದೆ, ಅಂದರೆ ಅರ್ಧಸ್ವರದ ಏಳನೇ ಒಂದು ಪಾಲು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಆ ಬಹಿಷ್ಕಾರ ಅತಿಯಾಯಿತೆಂದೇ ನನ್ನ ಎಣಿಕೆ, ಯಾಕೆಂದರೆ ಹಾರ್ಮೋನಿಯಂ ಹಾಡುವವನ ಪಕ್ಕದಲ್ಲಿ ಕೂಡುತ್ತದೆ. ಅದರ ಗಾಂಧಾರ ಸರಿಬರದಿದ್ದರೆ ಅವನು ತನ್ನದನ್ನು ಹಾಡಿಕೊಂಡು ಹೋಗಬಹುದು. ಆಟೋಟ್ಯೂನ್ ಪಕ್ಕದಲ್ಲಿ ಕೂಡುವುದಿಲ್ಲ, ಗಂಟಲೊಳಗೇ ಇಳಿಯುತ್ತದೆ. ಅದರೊಡನೆ ಜಗಳಕ್ಕೆ ಜಾಗವೇ ಇಲ್ಲ.

ಎಕೋ ಬಗ್ಗೆ ಮಾತ್ರ ನನಗೆ ಸಿಟ್ಟಿಲ್ಲ. ನೂರು ಮೀಟರ್ ಆಚೆಯ ಕಂಬಕ್ಕೆ ಕಟ್ಟಿದ ಹಾರ್ನಿನ ಸದ್ದು ಸೆಕೆಂಡಿನ ಸುಮಾರು ಮೂರನೇ ಒಂದು ಪಾಲು ತಡವಾಗಿ ಬರುತ್ತದೆ. ಜಾತ್ರೆಯ ಕಿವಿಗೆ ಮಾರ್ದನಿ ಹಳೆಯ ನಂಟ. ಮದುವೆ ಮೆರವಣಿಗೆಗೆಂದೇ ಕಟ್ಟಿದ ಡಿಜೆ ಹಾಡಿನಲ್ಲಿ ಯಂತ್ರದನಿ ಇದ್ದರೆ ಅದೂ ಸರಿಯೇ, ಅಲ್ಲಿ ಅದು ವೇಷ, ಮತ್ತು ವೇಷವೆಂದು ಎಲ್ಲರಿಗೂ ಗೊತ್ತು. ಗುರುವಿಲ್ಲದ, ಕಾಸಿಲ್ಲದ ಹುಡುಗನಿಗೂ ಆಟೋಟ್ಯೂನಿನಿಂದ ಹಾಡುವ ಧೈರ್ಯ ಬಂತಲ್ಲ ಎಂಬ ಮಾತು ಎಲ್ಲಕ್ಕಿಂತ ತೂಕದ್ದು. ನಿಜ, ಜಾರಿದ ಒಂದು ಸ್ವರವನ್ನು ಎತ್ತಿ ಕೂಡಿಸಿದರೆ ತಪ್ಪೇನು? ಆದರೆ ಒಂದು ಸ್ವರ ತಿದ್ದುವ ತಾಳ್ಮೆ ಎಲ್ಲಿದೆ? ಇಡೀ ಹಾಡಿಗೆ ಒಂದೇ ಅಳತೆ ಹಚ್ಚಿ, ನೂರು ಹುಡುಗರ ದನಿಯನ್ನು ಒಬ್ಬನದೇ ಅನ್ನುವಂತೆ ಮಾಡಿದರೆ, ಧೈರ್ಯ ಕೊಟ್ಟ ಕೈಯೇ ಅವನ ಗುರುತನ್ನೂ ಕಿತ್ತುಕೊಂಡಿತು.

ಇದಕ್ಕಿಂತ ದೊಡ್ಡ ನಷ್ಟ ಹಿಮ್ಮೇಳದ್ದು, ಅದರ ಮಾತು ಯಾರೂ ಎತ್ತುವುದಿಲ್ಲ. ಬಯಲಿನಲ್ಲಿ ಐದಾರು ಮಂದಿ ಮುಮ್ಮೇಳದವನ ಸಾಲು ಮುಗಿಯುವ ಮೊದಲೇ ಅದರ ಬಾಲ ಹಿಡಿದು ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಅವನು ಉಸಿರು ತಕ್ಕೊಂಡು ಮುಂದಿನ ಸವಾಲು ಜೋಡಿಸುತ್ತಾನೆ. ಒಬ್ಬನ ದನಿ ತುಸು ಮೇಲೆ, ಇನ್ನೊಬ್ಬನದು ತುಸು ಹಿಂದೆ. ಆ ಹೊಂದದ ಅಂಚಿನಿಂದಲೇ ಮೇಳಕ್ಕೆ ಅಗಲ. ಸ್ಟುಡಿಯೋದಲ್ಲಿ ಒಬ್ಬನ ದನಿಯನ್ನೇ ನಾಲ್ಕು ಸಲ ನಕಲಿಸಿ, ಸಾಲು ಪೂರ್ತಿ ಮುಗಿದ ಮೇಲೆ ಅಂಟಿಸಿದರೆ ಅದು ಹಿಮ್ಮೇಳವಲ್ಲ, ಕನ್ನಡಿ. ಇದನ್ನು ಸರಿಪಡಿಸಲು ದುಡ್ಡೂ ಬೇಡ: ಮೇಳದವರನ್ನೆಲ್ಲ ಒಂದೇ ಕೋಣೆಯಲ್ಲಿ ಒಂದು ಮೈಕಿನ ಸುತ್ತ ನಿಲ್ಲಿಸಿದರೆ ಸಾಕು. ರೆಕಾರ್ಡಿಂಗ್ ಮಾಡುವ ಗೆಳೆಯರಲ್ಲಿ ನನ್ನ ಕೋರಿಕೆ ಇನ್ನೊಂದೇ. ಹಾಡು ಹೇಗಾದರೂ ತಯಾರಿಸಿ, ಆದರೆ ಏನೂ ಹಚ್ಚದ ಮೂಲ ದನಿಯ ಫೈಲನ್ನು ಅಳಿಸಬೇಡಿ. ಅದರದೊಂದು ಪ್ರತಿಯನ್ನು ಹಾಡಿದವನ ಮೊಬೈಲಿಗೂ ಹಾಕಿ ಕಳಿಸಿ.